ಒಲೆ, ಧಾರಾವಾಹಿ, ಭಾನುವಾರದ ನೆಂಟರು: ಮನೇಲಿ ಕೂತು ಪ್ರೇಮಕಥೆ ಬರೆಯೋರಿಗೆ ಒಂದು ಸಮಗ್ರ ಮಾರ್ಗದರ್ಶಿ

ವಾರಕ್ಕೊಂದು ಕಂತಿನ ಹಾಗೆ ಪ್ರೇಮಕಥೆ ಬರೆಯೋಕೆ ಶುರು ಮಾಡಿ 9 ವರ್ಷ ಆಯ್ತು ನಂಗೆ. ಮೈಸೂರಲ್ಲಿ ಮನೆ, ಮನೇಲಿ 5 ಜನ, ಅತ್ತೆಗೆ ಸಕ್ಕರೆ ಕಾಯಿಲೆ ಅಂತ ಅವರಿಗೆ ಬೇರೆ ತಿಂಡಿ, ಮಗಳ ಸ್ಕೂಲ್ ವ್ಯಾನು 7.40ಕ್ಕೆ ಗೇಟ್ ಹತ್ರ ಬಂದು ಹಾರ್ನ್ ಹೊಡೆಯುತ್ತೆ. ಇದರ ಮಧ್ಯೆ ಹೇಗೆ ಬರೀತೀರಾ ಅಂತ ಕೇಳೋರು ಬಹಳ ಜನ. ಅದ್ರಲ್ಲೂ ಹೆಣ್ಮಕ್ಳು, ಒಂದೊಳ್ಳೆ ಕಥೆ ಮನಸ್ಸಲ್ಲಿ ಇಟ್ಕೊಂಡು "ಮಕ್ಳು ದೊಡ್ಡೋರಾಗ್ಲಿ, ಆಮೇಲೆ ನೋಡೋಣ" ಅಂತ ಮುಂದಕ್ಕೆ ಹಾಕ್ತಾ ಇರೋರು. ಒಬ್ಬೊಬ್ರಿಗೂ ಚೂರು ಚೂರು ಹೇಳೋ ಬದ್ಲು ಒಂದೇ ಕಡೆ ಪೂರ್ತಿ ಬರೆದಿಡೋಣ ಅಂತ ಕೂತಿದೀನಿ, ಉದ್ದ ಆಗುತ್ತೆ, ನಿಧಾನಕ್ಕೆ ಓದಿ.

ಮೊದಲೇ ಒಂದು ಮಾತು ಹೇಳ್ಬಿಡ್ತೀನಿ. ಕೆಲಸ ಎಲ್ಲಾ ಮುಗಿಸಿ ಆಮೇಲೆ ಬರೀತೀನಿ ಅಂದ್ಕೊಂಡ್ರೆ ಬರೆಯೋಕಾಗಲ್ಲ, ಯಾಕಂದ್ರೆ ಮನೆ ಕೆಲಸ ಮುಗಿಯೋದೇ ಇಲ್ಲ. ನಾನು ಮೊದಲ ಎರಡು ವರ್ಷ ಹಾಗೇ ಒದ್ದಾಡಿದೆ. ಆಮೇಲೆ ಗೊತ್ತಾಯ್ತು, ನಾನು ಬರೀಬೇಕು ಅಂದ್ಕೊಂಡಿದ್ದ ಪ್ರೀತಿ ಎಲ್ಲಾ ಈ ಅಡುಗೆ, ಬಡಿಸೋದು, ನೆಂಟರು, ರಾತ್ರಿ ಹಾಲಿಗೆ ಹೆಪ್ಪು ಹಾಕೋದು ಇದರೊಳಗೇ ಇದೆ ಅಂತ. ನಮ್ಮ ಮನೆಗಳಲ್ಲಿ ಯಾರೂ ಬಾಯ್ಬಿಟ್ಟು ಪ್ರೀತಿ ಅಂತ ಹೇಳಲ್ಲ ಅಲ್ವಾ, "ಇನ್ನೊಂಚೂರು ತುಪ್ಪ ಹಾಕ್ಲಾ" ಅಂತಾರೆ. ಅದನ್ನ ಹಿಡಿಯೋದು ಹೇಗೆ ಅನ್ನೋದೇ ಈ ಬರಹ.

ಹೆಜ್ಜೆ 1: ನಿಮ್ಮ ದಿನದಲ್ಲಿ ಒಂದು ಗಂಟೆ ಎಲ್ಲಿದೆ ಹುಡುಕಿ

ಒಂದು ವಾರ ಏನೂ ಬರೀಬೇಡಿ, ದಿನಾ ಯಾವ ಹೊತ್ತಲ್ಲಿ ಏನು ಮಾಡಿದ್ರಿ ಅಂತ ಕ್ಯಾಲೆಂಡರ್ ಹಿಂದೆ ಗೀಚಿಡಿ ಅಷ್ಟೇ. ಬೆಳಿಗ್ಗೆ ಎದ್ದಿದ್ದು, ಹಾಲು ತಂದಿದ್ದು, ತಿಂಡಿ, ಡಬ್ಬಿ, ಪಾತ್ರೆ, ಬಟ್ಟೆ, ಮಧ್ಯಾಹ್ನ ಫೋನ್ ನೋಡಿದ್ದು, ಎಲ್ಲಾ. ವಾರದ ಕೊನೇಲಿ ನೋಡಿದ್ರೆ ಒಂದು ಗಂಟೆ ಸಿಗುತ್ತೆ, ಒಟ್ಟಿಗೆ ಸಿಗದೇ ಇರಬಹುದು, 20-20 ನಿಮಿಷದ ಮೂರು ತುಂಡಾಗಿ ಸಿಗಬಹುದು, ಪರವಾಗಿಲ್ಲ.

ನಂದು ಬೆಳಿಗ್ಗೆ 5.15ರಿಂದ 6.15. ಅದು ಉಳಿಯೋದು ಹಿಂದಿನ ರಾತ್ರಿ ಮಾಡೋ 25 ನಿಮಿಷದ ಕೆಲಸದಿಂದ. ತರಕಾರಿ ಹೆಚ್ಚಿ ಡಬ್ಬಿಗೆ ಹಾಕಿ ಫ್ರಿಜ್ಜಿಗೆ, ತೆಂಗಿನಕಾಯಿ ತುರಿದು ಇಡೋದು, ಚಟ್ನಿಗೆ ಹುರಿಗಡಲೆ ಮೆಣಸಿನಕಾಯಿ ಮಿಕ್ಸಿ ಜಾರಿಗೇ ಹಾಕಿ ಮುಚ್ಚಿಡೋದು, ಬೇಳೆ ತೊಳೆದು ಇಡೋದು. ದೋಸೆ ಹಿಟ್ಟು ವಾರಕ್ಕೆ ಎರಡು ಸಲ ರುಬ್ಬಿದ್ರೆ 4 ದಿನದ ತಿಂಡಿ ಯೋಚನೆ ಇಲ್ಲ. ಇಷ್ಟು ಮಾಡಿ ಮಲಗಿದ್ರೆ ಬೆಳಗಿನ ಆ ಒಂದು ಗಂಟೆ ಪೂರ್ತಿ ನಿಮ್ದು, ಅಡುಗೆಮನೆ ನೆನಪೇ ಬರಲ್ಲ.

ವಯಸ್ಸಾಯ್ತು ಅಂತ ಹೇಳೋರಿಗೆ ಒಂದು ಮಾತು. ತೀರ್ಥಹಳ್ಳಿ ಕಡೆಯ ಎಂ.ಕೆ. ಇಂದಿರಾ ಅವರು ಹುಟ್ಟಿದ್ದು 1917ರಲ್ಲಿ, ಅವರ ಕಾದಂಬರಿ ಬರವಣಿಗೆ ಶುರುವಾಗಿದ್ದೇ 45 ದಾಟಿದ ಮೇಲೆ. ಇನ್ನೊಂದು ಕಡೆ ನಮ್ಮ ಮೈಸೂರಿನ ತ್ರಿವೇಣಿ, 1928ರಲ್ಲಿ ಹುಟ್ಟಿ 1963ರಲ್ಲಿ, 35 ತುಂಬೋ ಮುಂಚೆನೇ ಹೋಗ್ಬಿಟ್ರು, ಅಷ್ಟರಲ್ಲಿ ಹತ್ತಿರ ಹತ್ತಿರ 20 ಕಾದಂಬರಿ ಬರೆದಿದ್ರು. ಚಾಮರಾಜಪುರಂ ಕಡೆ ಹೋದಾಗೆಲ್ಲಾ ಅವರ ಮನೆ ನೆನಪಾಗುತ್ತೆ ನಂಗೆ, ಆ ಹೆಂಗಸು ಅಷ್ಟೊಂದು ಯಾವಾಗ ಬರೆದ್ರು, ಯಾವ ಹೊತ್ತಲ್ಲಿ ಕೂತ್ರು ಅಂತ ಯೋಚನೆ ಮಾಡ್ತೀನಿ. ಇಬ್ಬರನ್ನೂ ನೆನಪಿಟ್ಕೊಳಿ, ಮುಂದಕ್ಕೆ ಹಾಕೋಕೆ ಮನಸ್ಸು ಬಂದಾಗ ಕೆಲಸಕ್ಕೆ ಬರುತ್ತೆ.

ಹೆಜ್ಜೆ 2: ಕೈ ಕೆಲಸ ಯಾವುದು, ತಲೆ ಕೆಲಸ ಯಾವುದು ಬೇರೆ ಮಾಡಿ

ಅಡುಗೆಮನೆ ಕೆಲಸದಲ್ಲಿ ಎರಡು ಜಾತಿ. ಸೊಪ್ಪು ಬಿಡಿಸೋದು, ಬಟಾಣಿ ಸುಲಿಯೋದು, ಅವರೆಕಾಳು ಹಿತಕೋದು, ಚಪಾತಿ ಲಟ್ಟಿಸೋದು, ಬೆಳ್ಳುಳ್ಳಿ ಸಿಪ್ಪೆ ತೆಗೆಯೋದು, ಇದೆಲ್ಲಾ ಕೈಗೆ ಮಾತ್ರ ಕೆಲಸ, ತಲೆ ಖಾಲಿ. ಈ ಹೊತ್ತಲ್ಲಿ ಕಥೆಯ ಒಂದು ದೃಶ್ಯ ತಗೊಂಡು ಮನಸ್ಸಲ್ಲೇ ಓಡಿಸಿ, ಇಬ್ಬರ ಕೈಲೂ ಮಾತಾಡಿಸಿ, ಬಾಯಲ್ಲಿ ಮೆಲ್ಲಗೆ ಹೇಳ್ಕೊಂಡ್ರೂ ಸರಿ. ನನ್ನ ಒಳ್ಳೊಳ್ಳೆ ಸಂಭಾಷಣೆ ಎಲ್ಲಾ ಹುಟ್ಟಿರೋದು ಡಿಸೆಂಬರ್ ಜನವರೀಲಿ, ಅವರೆಕಾಯಿ ಕಾಲದಲ್ಲಿ, ಎರಡು ಕೆಜಿ ಕಾಯಿ ಮುಂದೆ ಸುರ್ಕೊಂಡು ಅತ್ತೆ ಜೊತೆ ಹಜಾರದಲ್ಲಿ ಕೂತಾಗ.

ಇನ್ನೊಂದು ಜಾತಿ, ಒಗ್ಗರಣೆ ಹಾಕೋದು, ಬೆಲ್ಲದ ಪಾಕ ತೆಗೆಯೋದು, ಹಾಲು ಕಾಯಿಸೋದು, ಗಸಗಸೆ ಹುರಿಯೋದು. ಇಲ್ಲಿ ಕಥೆ ಬೇಡ. ಪಾಕ ಒಂದೆಳೆಯಿಂದ ಎರಡೆಳೆಗೆ ಹೋಗೋಕೆ ಜಾಸ್ತಿ ಹೊತ್ತು ಬೇಕಾಗಿಲ್ಲ, ಮೆಂತ್ಯ ಸೀದ್ರೆ ಇಡೀ ಪುಡಿ ಕಹಿ. ಅಲ್ಲಿ ನಿಂತಾಗ ಅಲ್ಲೇ ಇರಿ.

ಫ್ರಿಜ್ ಪಕ್ಕ ಒಂದು ಸಣ್ಣ ನೋಟ್ ಬುಕ್ಕು, ದಾರದಲ್ಲಿ ಕಟ್ಟಿದ ಪೆನ್ಸಿಲ್ಲು ತೂಗುಹಾಕಿ. ಪೆನ್ ಬೇಡ, ಒದ್ದೆ ಕೈ ತಾಗಿದ್ರೆ ಇಂಕ್ ಹರಡುತ್ತೆ. ಕೈ ಹಿಟ್ಟಾಗಿದ್ರೆ ಫೋನಲ್ಲಿ ವಾಯ್ಸ್ ರೆಕಾರ್ಡ್ ಮಾಡಿ, ನಿಮಗೆ ನೀವೇ ವಾಟ್ಸಾಪ್ ಮಾಡ್ಕೊಂಡ್ರೂ ಆಯ್ತು. ಬರೆಯೋದು ಪೂರ್ತಿ ವಾಕ್ಯ ಆಗ್ಬೇಕಿಲ್ಲ, "ಮಾವ ದಿನಾ ಅತ್ತೆ ಕನ್ನಡಕ ಒರೆಸಿ ಇಡ್ತಾರೆ" ಇಷ್ಟೇ ಸಾಕು. ಈ ಒಂದು ಸಾಲಿಂದ ನಾನು ಒಂದು ಕಂತು ಪೂರ್ತಿ ಬರೆದಿದೀನಿ.

ಆದ್ರೆ ಹುಷಾರು, ಮನೆಯೋರ, ಪಕ್ಕದ ಮನೆಯೋರ ನಿಜವಾದ ಜಗಳ, ನಿಜವಾದ ಗುಟ್ಟು ಹಾಗ್ಹಾಗೇ ಎತ್ತಿ ಕಥೆಗೆ ಹಾಕ್ಬಾರ್ದು. ಕನ್ನಡಕ ಒರೆಸೋದು ತಗೊಳಿ, ಮನುಷ್ಯರನ್ನ ಬದಲಾಯ್ಸಿ. ನಾವು ಬರೆದಿದ್ದು ಅವರು ಓದ್ತಾರೆ, ಓದಿದ ಮೇಲೂ ಅವರು ನಮ್ಮನೆಗೆ ಕಾಫಿಗೆ ಬರ್ಬೇಕು.

ಹೆಜ್ಜೆ 3: ಕಥೆ ಕಟ್ಟೋದು

ಪ್ರೇಮಕಥೆಗೆ ಮೂರು ಬೇಕು. ಒಬ್ಬರಿಗೊಬ್ಬರು ಬೇಕು ಅನ್ಸೋ ಇಬ್ಬರು, ಅವರನ್ನ ದೂರ ಇಡೋ ಒಂದು ಕಾರಣ, ಆ ಕಾರಣ ಕರಗೋ ದಾರಿ. ಎಲ್ಲರೂ ಎಡವೋದು ಎರಡನೇದರಲ್ಲಿ. ಜಾತಿ, ಆಸ್ತಿ, ಹಳೇ ದ್ವೇಷ ಇದೆಲ್ಲಾ ಇರಲಿ, ಬೇಡ ಅನ್ನಲ್ಲ, ಆದ್ರೆ ಹೊರಗಿನ ಅಡ್ಡಿ ಜೊತೆ ಒಳಗಿನ ಅಡ್ಡಿ ಒಂದು ಇರ್ಲೇಬೇಕು. ಅವಳಿಗೆ ಅಪ್ಪನ್ನ ಒಂಟಿ ಮಾಡಿ ಹೋಗೋಕೆ ಭಯ, ಅವನಿಗೆ ಸಾಲ ಇದೆ ಅಂತ ಹೇಳ್ಕೊಳಕ್ಕೆ ನಾಚಿಕೆ, ಈ ಥರ. ಒಂದೇ ಫೋನ್ ಕಾಲಲ್ಲಿ ಬಗೆಹರಿಯೋ ತಪ್ಪು ತಿಳುವಳಿಕೆ ಇಟ್ಕೊಂಡು 40 ಕಂತು ಎಳೆದ್ರೆ ಓದೋರಿಗೆ ಮೋಸ ಮಾಡಿದ ಹಾಗೆ.

ಒಂದು ಕಂತಿಗೆ ನಾನು 1200ರಿಂದ 1500 ಪದ ಇಟ್ಕೊಂಡಿದೀನಿ. ಕುಕ್ಕರ್ ಕೂಗೋ ಹೊತ್ತಲ್ಲಿ, ಬಸ್ಸಲ್ಲಿ ಓದಿ ಮುಗಿಸೋ ಅಷ್ಟು. ಒಂದು ಕಂತಲ್ಲಿ ಎರಡೇ ದೃಶ್ಯ, ಕೊನೇಲಿ ಒಂದು ಬಾಗಿಲು ಅರ್ಧ ತೆರೆದು ಬಿಡಿ. ಈ ವಿದ್ಯೆ ನಮ್ಮಮ್ಮನ ಕಾಲದಿಂದ ಬಂದಿದ್ದು. ಸುಧಾ ವಾರಪತ್ರಿಕೆ ಶುರುವಾಗಿದ್ದು 1965ರಲ್ಲಿ, ನಮ್ಮಮ್ಮ ವಾರಾವಾರ ಧಾರಾವಾಹಿ ಪುಟ ಮಾತ್ರ ಹರಿದು, ಕಥೆ ಮುಗಿದ ಮೇಲೆ ದಬ್ಬಳದಲ್ಲಿ ಹೊಲೆದು, ಹಳೇ ಕ್ಯಾಲೆಂಡರ್ ಹಾಳೆ ರಟ್ಟು ಹಾಕಿ ಇಡ್ತಿದ್ರು. ಅಂಥ ಹೊಲಿಗೆ ಪುಸ್ತಕ ನಿಮ್ಮ ಅಟ್ಟದ ಮೇಲೂ ಇರಬಹುದು, ಇಳಿಸಿ ಓದಿ, ಒಂದೊಂದು ವಾರ ಎಲ್ಲಿ ನಿಲ್ಸಿದಾರೆ ಅಂತ ಪೆನ್ಸಿಲಲ್ಲಿ ಗುರುತು ಹಾಕ್ಕೊಂಡು ಹೋಗಿ, ಯಾವ ತರಗತೀಲೂ ಇಷ್ಟು ಚೆನ್ನಾಗಿ ಕಲಿಸಲ್ಲ.

ವಾರದ ಲೆಕ್ಕ ಹೀಗೆ: ಸೋಮವಾರ ಬರೀ ಯೋಚನೆ, ಒಂದು ಚೀಟೀಲಿ ಎರಡು ದೃಶ್ಯ. ಮಂಗಳ, ಬುಧ, ಗುರು ಬರೆಯೋದು, ತಿದ್ದೋದು ಬೇಡ. ಶುಕ್ರವಾರ ಜೋರಾಗಿ ಓದಿ ತಿದ್ದೋದು. ಶನಿವಾರ ಸಂಜೆ ಹಾಕೋದು. ಹಬ್ಬದ ವಾರ ಬರೆಯೋಕಾಗಲ್ಲ ಅಂತ ಮೊದಲೇ ಒಪ್ಕೊಂಡು ಎರಡು ಕಂತು ಮುಂಗಡ ಬರೆದಿಟ್ಟಿರಿ, ಗೌರಿ ಗಣೇಶ, ದಸರಾ ಎರಡಕ್ಕೂ ನಾನು ಜುಲೈಯಿಂದಲೇ ಕೂಡಿಡ್ತೀನಿ. ಮೈಸೂರಲ್ಲಿ ದಸರಾ ಅಂದ್ರೆ ಹತ್ತು ದಿನ ಮನೆ ತುಂಬಾ ಜನ, ಗೊಂಬೆ ಕೂರಿಸೋದು, ದಿನಾ ಸಂಜೆ ಚರುಪು (ಗೊಂಬೆ ನೋಡೋಕೆ ಬಂದೋರಿಗೆ ಹಂಚೋ ತಿಂಡಿ), ಪೆನ್ನು ಹಿಡಿಯೋ ಮಾತೇ ಇಲ್ಲ.

ಹೆಜ್ಜೆ 4: ನೀವು, ನೀನು, ರೀ, ಕಣೋ

ಈ ಹೆಜ್ಜೆ ಮಾತ್ರ ಹಾರಿಸಬೇಡಿ, ಇಡೀ ಬರಹದಲ್ಲಿ ನಂಗೆ ತುಂಬಾ ಮುಖ್ಯ ಅನ್ಸೋದು ಇದೇ. ಕನ್ನಡದಲ್ಲಿ ಪ್ರೇಮಕಥೆ ಬರೆಯೋರಿಗೆ ಒಂದು ಭಾಗ್ಯ ಇದೆ, ಇಂಗ್ಲಿಷಲ್ಲಿ ಬರೆಯೋರಿಗೆ ಅದಿಲ್ಲ, ಅಲ್ಲಿ ಎಲ್ಲರಿಗೂ ಒಂದೇ ಯೂ. ನಮ್ಮಲ್ಲಿ ನೀವು ಇದೆ, ನೀನು ಇದೆ, ಎರಡರ ಮಧ್ಯೆ ಒಂದು ಹೊಸಲು ಇದೆ. ಆ ಹೊಸಲು ಯಾವ ಕಂತಲ್ಲಿ ದಾಟಿಸ್ತೀರಿ ಅನ್ನೋದನ್ನ ಕಥೆ ಶುರು ಮಾಡೋಕೆ ಮುಂಚೆನೇ ತೀರ್ಮಾನ ಮಾಡ್ಕೊಳಿ.

ಒಂದು ಉದಾಹರಣೆ ಕೊಡ್ತೀನಿ. ಒಂದೇ ವಠಾರದಲ್ಲಿ ಇರೋ ಹುಡುಗಿ, ಹುಡುಗ. 12 ಕಂತಿನ ತನಕ "ಕಾಫಿ ತಗೊಳ್ತೀರಾ", "ಬೇಡಿ, ಈಗ ಆಯ್ತು", ಇಷ್ಟೇ. ಒಂದು ದಿನ ಅವನಿಗೆ ಜ್ವರ, ಮನೇಲಿ ಯಾರೂ ಇಲ್ಲ, ಅವಳು ಗಂಜಿ ಮಾಡ್ಕೊಂಡು ಬರ್ತಾಳೆ, ಅವನು ಮುಸುಕು ತೆಗೆಯಲ್ಲ, ಅವಳಿಗೆ ಸಿಟ್ಟು ಬರುತ್ತೆ. "ಎದ್ದೇಳೋ, ಎರಡು ಗುಟುಕು ಕುಡಿ." ಅಂದ್ಬಿಟ್ಟು ಅವಳಿಗೇ ಗಾಬರಿ. ಮಾರನೇ ದಿನ ಮತ್ತೆ "ಜ್ವರ ಹೇಗಿದೆ ನಿಮಗೆ" ಅಂತ ಕೇಳ್ತಾಳೆ. ಅವನು "ನಿನ್ನೆ ಥರನೇ ಕೇಳಿ" ಅಂತಾನೆ. ಇಲ್ಲಿ ಪ್ರೀತಿ ಅನ್ನೋ ಪದ ಬಂದಿಲ್ಲ, ಕೈ ಹಿಡಿದಿಲ್ಲ, ಆದ್ರೂ ಓದೋರು ಆ ಕಂತನ್ನ ಎರಡು ಸಲ ಓದ್ತಾರೆ.

ಹಾಗೇ ಗಂಡನ ಹೆಸರು ಹಿಡಿದು ಕರೆಯದೇ ಇರೋ ಹೆಂಗಸ್ರು ಇನ್ನೂ ಎಷ್ಟೋ ಮನೇಲಿದಾರೆ. "ರೀ" ಅಂತಾರೆ, "ಏನೂಂದ್ರೆ" ಅಂತಾರೆ, ಮಗಳ ಹೆಸರು ಹೇಳಿ ಅವರಪ್ಪ ಅಂತಾರೆ. ಅಂಥೋಳು ಆಸ್ಪತ್ರೆ ಫಾರ್ಮ್ ತುಂಬೋವಾಗ ಮೊದಲನೇ ಸಲ ಆ ಹೆಸರನ್ನ ಬಾಯ್ಬಿಟ್ಟು ಹೇಳಿದ್ರೆ ಅದೇ ಒಂದು ದೊಡ್ಡ ದೃಶ್ಯ. ಇನ್ನು ಧಾರವಾಡ, ಹುಬ್ಬಳ್ಳಿ ಕಡೆ "ರೀ" ಬರೀ ಗಂಡನಿಗಲ್ಲ, "ಬರ್ರಿ, ಕೂಡ್ರಿ" ಅಂತ ಎಲ್ಲರಿಗೂ ಹಚ್ಚಿ ಮಾತಾಡ್ತಾರೆ, ಅಲ್ಲಿನ ಹುಡುಗಿಯನ್ನ ಬರೀತಿದ್ರೆ ಗೌರವ ಎಲ್ಲಿ ಮುಗಿದು ಸಲಿಗೆ ಎಲ್ಲಿ ಶುರು ಅನ್ನೋದು ಬೇರೆ ಲೆಕ್ಕ. ಕುಂದಾಪುರದ ಮಾತು ಇನ್ನೂ ಬೇರೆ. ಕಿವಿಯಾರೆ ಕೇಳದೇ ಇರೋ ಊರಿನ ಮಾತು ಬರೆಯೋಕೆ ಹೋಗ್ಬೇಡಿ, ಬರೀಲೇಬೇಕು ಅಂದ್ರೆ ಆ ಊರಿನೋರಿಗೆ ಓದಿಸಿ ಆಮೇಲೆ ಹಾಕಿ. ನನ್ನ ಹಾವೇರಿ ಕಡೆ ಗೆಳತಿ ಒಬ್ಬಳು ನಾನು ಬರೆದ ಒಂದೊಂದು ಸಾಲನ್ನೂ ಫೋನಲ್ಲಿ ಅವಳ ಬಾಯಲ್ಲಿ ಹೇಳಿ ತೋರಿಸ್ತಾಳೆ, ಅವಳಿಲ್ದೇ ಆ ಕಡೆ ಮಾತಲ್ಲಿ ಬರೆದ ನನ್ನ ಕಾದಂಬರಿ ಆಗ್ತಿರಲಿಲ್ಲ.

ಹೆಜ್ಜೆ 5: ಕಥೆಯ ಅಡುಗೆ ನಿಜವಾಗಿರ್ಬೇಕು

ಪಾತ್ರ ಏನು ತಿನ್ನುತ್ತೆ ಅನ್ನೋದ್ರಲ್ಲೇ ಊರು, ಕಾಲ, ಮನೆ ಸ್ಥಿತಿ ಎಲ್ಲಾ ಗೊತ್ತಾಗುತ್ತೆ. ಮಂಡ್ಯದ ಮನೆ ಅಂದ್ರೆ ಮುದ್ದೆ, ಬಸ್ಸಾರು. ಮಲೆನಾಡು ಅಂದ್ರೆ ಕಡುಬು, ಅಕ್ಕಿ ರೊಟ್ಟಿ, ಮಳೆಗಾಲದಲ್ಲಿ ಕಳಲೆ. ವಿಜಯಪುರದ ಕಡೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ನಾನೊಂದ್ಸಲ ಮೇ ತಿಂಗಳಲ್ಲಿ ನಡೆಯೋ ಮದುವೆ ಮನೇಲಿ ಹಿತಕಿದಬೇಳೆ ಸಾರು ಬಡಿಸಿಬಿಟ್ಟಿದ್ದೆ, ಅವರೆ ಸೊಗಡು ಇರೋದು ಚಳಿಗಾಲದಲ್ಲಿ ಅಂತ ಹಾಸನದ ಓದುಗರೊಬ್ರು ತಿಳಿಸಿದ್ರು, ಅವತ್ತೇ ತಿದ್ದಿದೆ. ಅಲ್ಲಿಂದ ಕಥೆಯ ತಿಂಗಳು ಯಾವುದು ಅಂತ ಬರೆದಿಟ್ಕೊಂಡು ಆ ತಿಂಗಳ ತರಕಾರಿ ಮಾತ್ರ ಹಾಕ್ತೀನಿ. ಯುಗಾದಿ ಹತ್ರ ಅಂದ್ರೆ ಮಾವಿನಕಾಯಿ ಚಿತ್ರಾನ್ನ, ಸಂಕ್ರಾಂತಿಗೆ ಎಳ್ಳು ಬೆಲ್ಲ, ಅದರ ಜೊತೆ ಕಬ್ಬು.

ಕಥೇಲಿ ಬರೋ ಅಡುಗೆ ಆ ವಾರ ಮನೇಲೂ ಮಾಡಿ. ಮಾಡೋವಾಗ ಕೈಗೆ, ಮೂಗಿಗೆ ಏನು ಗೊತ್ತಾಗುತ್ತೋ ಅದನ್ನ ಬರೀರಿ. ಬರೀ "ಘಮಘಮ" ಅಂತ ಬರೆದ್ರೆ ಏನೂ ಬರೆದ ಹಾಗಾಗಲ್ಲ. ಇಂಗು ಎಣ್ಣೆಗೆ ಬಿದ್ದಾಗ ಪಕ್ಕದ ರೂಮಲ್ಲಿ ಓದ್ತಾ ಕೂತೋನು ತಲೆ ಎತ್ತಿದ ಅಂತ ಬರೀರಿ.

ಹೆಜ್ಜೆ 6: ಟೈಪ್ ಮಾಡೋದು, ಉಳಿಸಿಡೋದು, ಹಾಕೋದು

ಫೋನಲ್ಲಿ ಬರೆಯೋರು ಗೂಗಲ್ ಕೀಬೋರ್ಡಲ್ಲಿ ಕನ್ನಡ ಸೇರಿಸ್ಕೊಳಿ, ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದ್ರೆ ಕನ್ನಡ ಬರೋದೂ ಇದೆ, ನೇರ ಕನ್ನಡ ಕೀಲಿಗಳೂ ಇವೆ, ಎರಡನೇದು ಕಲಿಯೋಕೆ ಹತ್ತು ದಿನ ಬೇಕು, ಆಮೇಲೆ ವೇಗ ಜಾಸ್ತಿ. ಮಾತಾಡಿ ಟೈಪ್ ಮಾಡೋದು ಮೊದಲ ಕರಡಿಗೆ ಚೆನ್ನಾಗಿದೆ, ಆದ್ರೆ "ಹೋಗ್ತೀನಿ" ಅಂತ ನಾವಂದಿದ್ದನ್ನ ಕೆಲವು ಸಲ "ಹೋಗುತ್ತೇನೆ" ಅಂತ ಮಾಡಿಬಿಡುತ್ತೆ, ಸಂಭಾಷಣೆ ಭಾಗ ಕೈಯಲ್ಲೇ ಟೈಪ್ ಮಾಡಿ.

ಕಂಪ್ಯೂಟರಲ್ಲಿ "ನುಡಿ", "ಬರಹ" ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶ ಬಳಸೋರು ಗಮನಿಸಿ, ಯೂನಿಕೋಡ್ (ಎಲ್ಲಾ ಫೋನು, ಕಂಪ್ಯೂಟರಲ್ಲೂ ಕನ್ನಡವಾಗೇ ಕಾಣೋ ಅಕ್ಷರ ವಿಧಾನ) ಆಯ್ಕೆ ಮಾಡ್ಕೊಂಡೇ ಶುರು ಮಾಡಿ. ಹಳೇ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ ಕಥೇನ ನೇರ ಆನ್‌ಲೈನಿಗೆ ಪೇಸ್ಟ್ ಮಾಡಿದ್ರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತೆ. ಹಳೇ ಫೈಲ್ ಇದ್ರೆ ಯೂನಿಕೋಡಿಗೆ ಪರಿವರ್ತಕದಲ್ಲಿ ಹಾಕಿ, ಆಮೇಲೆ ಒಂದ್ಸಲ ಪೂರ್ತಿ ಓದಿ, ಒತ್ತಕ್ಷರ ಅಲ್ಲಲ್ಲಿ ಕೆಡುತ್ತೆ.

ಉಳಿಸಿಡೋ ವಿಷಯಕ್ಕೆ ಬರ್ತೀನಿ. 2019ರಲ್ಲಿ ನನ್ನ ಫೋನು ನೀರಿನ ಬಕೆಟ್ಟಿಗೆ ಬಿತ್ತು, ರಿಪೇರಿ ಅಂಗಡಿಯೋರು ಏನೂ ತೆಗೆಯೋಕಾಗಲ್ಲ ಅಂದ್ಬಿಟ್ರು, 11 ಕಂತು ಹೋಯ್ತು. ಅವು ಮತ್ತೆ ಬರೆದೆ, ಆದ್ರೆ ಅದೇ ಮಾತು ಅದೇ ಥರ ಮತ್ತೆ ಬರಲಿಲ್ಲ, ಈಗ್ಲೂ ಒಂದೆರಡು ಸಾಲು ನೆನಪಾದ್ರೆ ಹೊಟ್ಟೆ ಉರಿಯುತ್ತೆ. ಹಾಗಾಗಿ ಗೂಗಲ್ ಡಾಕ್ಸಲ್ಲಿ ಬರೀರಿ, ಇಂಟರ್ನೆಟ್ ಸಿಕ್ಕಾಗ ತಾನೇ ಉಳಿಸ್ಕೊಳುತ್ತೆ. ತಿಂಗಳಿಗೊಂದ್ಸಲ ಇಡೀ ಕಥೇನ ನಿಮ್ಮ ಇಮೇಲಿಗೆ ನೀವೇ ಕಳಿಸ್ಕೊಳಿ.

ಕಥೆ ಹಾಕೋಕೆ ಪ್ರತಿಲಿಪಿ ಕನ್ನಡ ಅನ್ನೋ ಕಥೆ ಓದೋ ಬರೆಯೋ ಆ್ಯಪ್ ಇದೆ, ನಿಮ್ಮದೇ ಪುಟ ಬೇಕು ಅಂದ್ರೆ ಬ್ಲಾಗರ್, ವರ್ಡ್‌ಪ್ರೆಸ್ ಇವೆ, ಎರಡಕ್ಕೂ ಶುರು ಮಾಡೋಕೆ ದುಡ್ಡು ಬೇಡ. ಎಲ್ಲಿ ಹಾಕಿದ್ರೂ ವಾರ, ಹೊತ್ತು ಬದಲಾಯಿಸ್ಬೇಡಿ, ಶನಿವಾರ ಸಂಜೆ 6 ಅಂದ್ರೆ 6. ಕಂತಿನ ಸಂಖ್ಯೆ ಶೀರ್ಷಿಕೆಯಲ್ಲೇ ಇರಲಿ, ಹಿಂದಿನ ಕಂತಿನ ಲಿಂಕ್ ಮೇಲೆ, ಮುಂದಿನದು ಕೆಳಗೆ. ಮುಖಪುಟದ ಚಿತ್ರಕ್ಕೆ ಸಿನಿಮಾ ನಟ ನಟಿಯರ ಫೋಟೋ ಹಾಕೋದು ಬೇಡ, ನಿಮ್ಮನೆ ಮಲ್ಲಿಗೆ ಬಳ್ಳಿ, ಕಿಟಕಿ, ಎರಡು ಕಾಫಿ ಲೋಟ, ನೀವೇ ತೆಗೆದ ಫೋಟೋ ಸಾಕು.

ಹಕ್ಕಿನ ವಿಷಯ ಸ್ವಲ್ಪ ತಿಳ್ಕೊಂಡಿರಿ. ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆ 1957ರದ್ದು, ಅದರ ಪ್ರಕಾರ ನೀವು ಬರೆದ ಕೂಡ್ಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯ ಅಲ್ಲ, ಬರೆದೋರು ತೀರಿಕೊಂಡ ಮೇಲೂ 60 ವರ್ಷ ಇರುತ್ತೆ. ನನ್ನ ಒಂದು ಕಥೇನ ಕೇಳದೇ ಓದಿ ಆಡಿಯೋ ಮಾಡಿ ಹಾಕಿದ್ರು ಒಬ್ರು, ನನ್ನ ಹೆಸರೂ ಇರಲಿಲ್ಲ. ಮೊದಲು ಹಾಕಿದ ದಿನಾಂಕದ ಸ್ಕ್ರೀನ್‌ಶಾಟ್ ಇಟ್ಟು ದೂರು ಕೊಟ್ಟೆ, ತೆಗೆದ್ರು. ಇದೇ ನಿಯಮ ನಮಗೂ ಅನ್ವಯ, ಚಿತ್ರಗೀತೆ ಸಾಲುಗಳನ್ನ ಪೂರ್ತಿ ಎತ್ತಿ ಕಂತಲ್ಲಿ ತುಂಬಿಸ್ಬೇಡಿ, ರೇಡಿಯೋದಲ್ಲಿ ಹಳೇ ಹಾಡು ಬರ್ತಿತ್ತು ಅಂದ್ರೆ ಓದೋರ ಮನಸ್ಸಲ್ಲಿ ಅವರವರ ಹಾಡು ಬರುತ್ತೆ.

ಹೆಜ್ಜೆ 7: ತಿಂಗಳಿಗೊಂದು ಭಾನುವಾರ ಮನೆಗೆ ಜನ ಕರೀರಿ

ಬರೆಯೋಳಿಗೆ ನೆಂಟರು ಯಾಕೆ, ಸಮಯ ಹಾಳಲ್ವಾ ಅಂತ ಕೇಳಬಹುದು. ಒಬ್ಬರೇ ಕೂತು ಬರೀತಾ ಬರೀತಾ ಎಲ್ಲಾ ಪಾತ್ರಗಳೂ ನಮ್ಮ ಥರನೇ ಮಾತಾಡೋಕೆ ಶುರು ಮಾಡ್ತವೆ, ನಂಗೆ ಹಾಗಾಗಿತ್ತು. 8 ಜನ ಒಂದು ಹಜಾರದಲ್ಲಿ ಕೂತ್ರೆ 8 ಥರ ಮಾತು ಕಿವಿಗೆ ಬೀಳುತ್ತೆ. 8ಕ್ಕಿಂತ ಜಾಸ್ತಿ ಬೇಡ, ಅಡುಗೆಯವರು ಬೇಕಾಗ್ತಾರೆ, ನೀವು ಬಡಿಸೋದ್ರಲ್ಲೇ ಕಳೆದುಹೋಗ್ತೀರಿ. ಎರಡು ಜೋಡಿ, ಒಬ್ಬರು ವಯಸ್ಸಾದೋರು, ಒಂದಿಬ್ಬರು ಕಾಲೇಜ್ ಮಕ್ಳು, ಈ ಥರ ಬೆರೆಸಿ ಕರೀರಿ.

ಅಡುಗೆ ಒಂದೇ ಪಾತ್ರೇಲಿ ಆಗೋದಿರಲಿ. ನಮ್ಮನೇಲಿ ಬಿಸಿಬೇಳೆಬಾತು, ಕೋಸಂಬರಿ, ಮೊಸರನ್ನ, ಹೆಸರುಬೇಳೆ ಪಾಯಸ, ಜೊತೆಗೆ ಖಾರಾಬೂಂದಿ, ಅಷ್ಟೇ.

ಶುಕ್ರವಾರ ಬಿಸಿಬೇಳೆಬಾತಿನ ಪುಡಿ ಮಾಡಿ. ಕೊತ್ತಂಬರಿ ಬೀಜ ಅರ್ಧ ಕಪ್, ಕಡಲೆಬೇಳೆ 4 ಟೇಬಲ್ ಚಮಚ, ಉದ್ದಿನಬೇಳೆ 2 ಟೇಬಲ್ ಚಮಚ, ಬ್ಯಾಡಗಿ ಮೆಣಸಿನಕಾಯಿ 20, ಗುಂಟೂರು 6, ಮೆಂತ್ಯ ಅರ್ಧ ಟೀ ಚಮಚ, ಜೀರಿಗೆ 1 ಟೀ ಚಮಚ, ಚಕ್ಕೆ ಒಂದಿಂಚಿನ 3 ತುಂಡು, ಲವಂಗ 8, ಮರಾಠಿ ಮೊಗ್ಗು 3, ಏಲಕ್ಕಿ 2, ಗಸಗಸೆ 1 ಟೇಬಲ್ ಚಮಚ, ಒಣ ಕೊಬ್ಬರಿ ತುರಿ ಅರ್ಧ ಕಪ್. ಒಂದೊಂದನ್ನೂ ಬೇರೆ ಬೇರೆ, ಸಣ್ಣ ಉರೀಲಿ ಹುರೀರಿ, ಬೇಳೆ ಹೊಂಬಣ್ಣಕ್ಕೆ ಬರ್ಬೇಕು, ಮೆಣಸಿನಕಾಯಿ ಒಂದು ಚಮಚ ಎಣ್ಣೆ ಬಿಟ್ಟು ಗರಿಗರಿ ಆಗೋ ತನಕ, ಗಸಗಸೆ ಕೊಬ್ಬರಿ ಕೊನೇಲಿ, ಒಲೆ ಆರಿಸಿ ಬಾಣಲೆ ಬಿಸೀಲೇ. ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಬಣ್ಣ ಬರೋದು ಬ್ಯಾಡಗಿಯಿಂದ, ಹಾವೇರಿ ಜಿಲ್ಲೆಯ ಆ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ, ಖಾರ ಕಮ್ಮಿ ಬಣ್ಣ ಜಾಸ್ತಿ, ಗುಂಟೂರು ಖಾರಕ್ಕೆ ಮಾತ್ರ. ಈ ಅಳತೆಯ ಪುಡಿ ಎರಡು ಸಲಕ್ಕೆ ಆಗುತ್ತೆ.

ಶನಿವಾರ ತರಕಾರಿ ಹೆಚ್ಚಿಡಿ: ಹುರುಳಿಕಾಯಿ, ಕ್ಯಾರೆಟ್, ನವಿಲುಕೋಸು, ಬಟಾಣಿ, ಎಲ್ಲಾ ಸೇರಿ 4 ಕಪ್. ಭಾನುವಾರ ಬೆಳಿಗ್ಗೆ 10.30ಕ್ಕೆ ಅಕ್ಕಿ 2 ಕಪ್, ತೊಗರಿಬೇಳೆ ಒಂದೂವರೆ ಕಪ್ ತೊಳೆದು, ಅರಿಶಿನ, ಒಂದು ಚಮಚ ಎಣ್ಣೆ, 9 ಕಪ್ ನೀರು ಹಾಕಿ ಕುಕ್ಕರಲ್ಲಿ ಮೆತ್ತಗೆ ಬೇಯಿಸಿ. ಸಣ್ಣ ಕುಕ್ಕರ್ ಆದ್ರೆ ಎರಡು ಸಲ ಮಾಡಿ, ತುಂಬಾ ತುಂಬಿಸ್ಬೇಡಿ. ಇನ್ನೊಂದು ಕಡೆ ದೊಡ್ಡ ಪಾತ್ರೇಲಿ ತರಕಾರಿ, ಒಂದು ಹಿಡಿ ಕಡಲೆಕಾಯಿ ಬೀಜ, 3 ಕಪ್ ನೀರು, ಉಪ್ಪು ಹಾಕಿ ಬೇಯಿಸಿ, ಮುಕ್ಕಾಲು ಬೆಂದ ಮೇಲೆ ದೊಡ್ಡ ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣಿನ ರಸ ಬಿಡಿ, ಹುಳಿ ಮೊದಲೇ ಹಾಕಿದ್ರೆ ತರಕಾರಿ ಬೇಗ ಬೇಯಲ್ಲ. ಸ್ವಲ್ಪ ಬೆಲ್ಲ, 6 ಟೇಬಲ್ ಚಮಚ ಪುಡಿ, ಹಸಿ ವಾಸನೆ ಹೋಗೋ ತನಕ ಕುದಿಸಿ, ಬೆಂದ ಅನ್ನ ಬೇಳೆ ಸೇರಿಸಿ ಸೌಟಲ್ಲಿ ಕಲಸ್ತಾ 10 ನಿಮಿಷ. ತಳ ಹಿಡಿಯೋದು ಇಲ್ಲೇ, ಬಿಟ್ಟು ಹೋಗ್ಬೇಡಿ. ಒಗ್ಗರಣೆಗೆ ತುಪ್ಪ ಧಾರಾಳವಾಗಿ, ಸಾಸಿವೆ, ಇಂಗು, ಕರಿಬೇವು, ಗೋಡಂಬಿ. ಇಳಿಸೋವಾಗ ನಿಮಗೆ ಸರಿ ಅನ್ಸೋದಕ್ಕಿಂತ ಸ್ವಲ್ಪ ನೀರಾಗೇ ಇರಲಿ, ಬಡಿಸೋ ಹೊತ್ತಿಗೆ ಗಟ್ಟಿಯಾಗುತ್ತೆ.

ಕೋಸಂಬರಿಗೆ ಹೆಸರುಬೇಳೆ ಒಂದು ಗಂಟೆ ನೆನೆಸಿದ್ರೆ ಸಾಕು, ಉಪ್ಪು ಬಡಿಸೋ ಮುಂಚೆ ಹಾಕಿ, ಇಲ್ದಿದ್ರೆ ಸೌತೆಕಾಯಿ ನೀರು ಬಿಡುತ್ತೆ. ಬಾಳೆ ಎಲೆ ಹಾಕಿದ್ರೆ ತುದಿ ಉಣ್ಣೋರ ಎಡಕ್ಕೆ.

ಊಟ ಆದ್ಮೇಲೆ ಟಿವಿ ಹಾಕ್ಬೇಡಿ ದಯವಿಟ್ಟು. ಟಿವಿ ಹಾಕಿದ್ರೆ ಎಲ್ಲರೂ ಒಂದೇ ಕಡೆ ನೋಡ್ತಾರೆ, ಮಾತು ನಿಲ್ಲುತ್ತೆ. ಚೌಕಾಬಾರ ಹಾಕಿ. ಸೀಮೆಸುಣ್ಣದಲ್ಲಿ ನೆಲದ ಮೇಲೆ 5 ಅಡ್ಡ 5 ಉದ್ದ, 25 ಮನೆ, ನಾಲ್ಕು ಕವಡೆ, ಒಬ್ಬೊಬ್ರಿಗೆ ನಾಲ್ಕು ಕಾಯಿ, ಒಬ್ರಿಗೆ ಹುಣಸೆಬೀಜ, ಒಬ್ರಿಗೆ ಬಳೆಚೂರು, ಒಬ್ರಿಗೆ ಕಡ್ಡಿ, ಒಬ್ರಿಗೆ ಬಟನ್. ನಾಲ್ಕೂ ಕವಡೆ ಅಂಗಾತ ಬಿದ್ರೆ ಚೌಕ, ನಾಲ್ಕು. ನಾಲ್ಕೂ ಬೋರಲು ಬಿದ್ರೆ ಬಾರ, ಎಂಟು. ಇನ್ನೊಬ್ರ ಕಾಯಿ ಒಂದಾದ್ರೂ ಕಡಿಯದೇ ಒಳಗಿನ ಸುತ್ತಿಗೆ ಹೋಗೋ ಹಾಗಿಲ್ಲ. 8 ಜನ ಇದ್ರೆ ಇಬ್ಬಿಬ್ರು ಒಂದು ಪಕ್ಷ, ಗಂಡ ಹೆಂಡತಿಯನ್ನ ಬೇಕಂತಲೇ ಎದುರಾಳಿ ಮಾಡಿ. 40 ವರ್ಷ ಸಂಸಾರ ಮಾಡಿದ ದೊಡ್ಡಪ್ಪ, ಗೆಲ್ಲೋ ಕಾಯಿ ಕೈಲಿದ್ರೂ ದೊಡ್ಡಮ್ಮನ ಕಾಯಿ ಕಡಿಯದೇ ಬೇರೆ ಕಾಯಿ ನಡೆಸಿದ್ದು ನಾನು ನೋಡಿದೀನಿ. ದೊಡ್ಡಮ್ಮ ಅದನ್ನ ನೋಡಿ, "ಕಡೀರಿ ಪರವಾಗಿಲ್ಲ, ನಾನೇನು ಅಳಲ್ಲ" ಅಂದ್ರು, ತಲೆ ಎತ್ತಲೇ ಇಲ್ಲ, ಕವಡೆ ಮಾತ್ರ ಕೈಯಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕುಲುಕಿದ್ರು. ಇಂಥದ್ದು ಯೋಚನೆ ಮಾಡಿ ಬರೆಯೋಕೆ ಬರಲ್ಲ ಕಣ್ರೀ, ಎದುರಿಗೆ ಕೂತು ನೋಡ್ಬೇಕು.

ಸಂಜೆ 4.30ರ ಕಾಫಿ ಹೊತ್ತಲ್ಲಿ ಮುಂದಿನ ವಾರದ ಕಂತಿಂದ ಒಂದೇ ಒಂದು ಪುಟ ಓದಿ. ನೀವೇ ಓದ್ಬೇಡಿ, ಕಾಲೇಜ್ ಮಕ್ಕಳ ಕೈಲಿ ಓದಿಸಿ, ಅವರು ಎಲ್ಲಿ ತಡವರಿಸ್ತಾರೋ ಆ ವಾಕ್ಯ ತಿದ್ದಬೇಕು ಅಂತ ಅರ್ಥ. ಹೇಗಿದೆ ಅಂತ ಕೇಳೋಕೆ ಹೋಗ್ಬೇಡಿ, ಚೆನ್ನಾಗಿದೆ ಅಂತಾರೆ ಅಷ್ಟೇ. "ಇವಳು ಮುಂದೆ ಏನು ಮಾಡ್ತಾಳೆ ಅನ್ಸುತ್ತೆ" ಅಂತ ಕೇಳಿ, ಎಲ್ಲರೂ ಜಗಳಕ್ಕೆ ಬಿದ್ರೆ ಕಂತು ಸರಿಯಾಗಿದೆ.

ಎಲ್ಲರೂ ಹೋದ್ಮೇಲೆ ಪಾತ್ರೆ ಹಾಗೇ ನೆನೆಹಾಕಿ, ಹತ್ತು ನಿಮಿಷ ಕೂತು ಐದು ಸಾಲು ಬರೆದಿಡಿ, ಯಾರು ಯಾರಿಗೆ ಏನಂದ್ರು, ಯಾರು ಯಾರ ತಟ್ಟೆಗೆ ಏನು ಹಾಕಿದ್ರು. ಮಲಗಿ ಎದ್ರೆ ಅರ್ಧ ಮರೆತುಹೋಗಿರುತ್ತೆ. ಉಳಿದ ಬಿಸಿಬೇಳೆಬಾತು ಆರಿದ ಮೇಲೆ ಫ್ರಿಜ್ಜಿಗೆ. ಸೋಮವಾರ ಬೆಳಿಗ್ಗೆ ಅದಕ್ಕೆ ಒಂದು ಲೋಟ ಬಿಸಿನೀರು, ಒಂದು ಚಮಚ ತುಪ್ಪ ಹಾಕಿ ಸಣ್ಣ ಉರೀಲಿ ಕಲಸ್ತಾ ಬಿಸಿ ಮಾಡಿ, ಅವತ್ತು ತಿಂಡಿ ಕೆಲಸ ಇಲ್ಲ, ಆ 40 ನಿಮಿಷ ದೊಡ್ಡಮ್ಮನ ಕವಡೆಗೆ.